ಕದಂಬ: ಒಂದು ಪ್ರಾಚೀನ ನಾಮದ ಬಹುಮುಖ ಬಳಕೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಶಾಸನ ಸಂಪತ್ತಿನ ದೃಷ್ಟಿಯಿಂದ ಕರ್ನಾಟಕದ ಅತ್ಯಂತ ಸಮೃದ್ಧ ಪ್ರದೇಶಗಳಲ್ಲಿ ಸೇರುತ್ತವೆ. ಶಿರಾಳಕೊಪ್ಪವನ್ನು ಕೇಂದ್ರವಾಗಿರಿಸಿಕೊಂಡು ಹೊರಟರೆ ತಾಳಗುಂದ, ಮಳವಳ್ಳಿ, ಬಳ್ಳಿಗಾವಿ, ಬಂದಳಿಕೆ, ಕುಪ್ಪಟೂರು ಮೊದಲಾದ ಊರುಗಳು ಒಂದರ ಹಿಂದೊಂದು ಎದುರಾಗುತ್ತವೆ. ವರದಾ ನದಿಯ ದಡದ ಬನವಾಸಿಯೂ ಇಲ್ಲಿಂದ ದೂರವಿಲ್ಲ. ಈ ಊರುಗಳನ್ನೆಲ್ಲ ಪರಸ್ಪರ ಬೆಸೆಯುವ ಹೆಸರು 'ಕದಂಬ'. ಮೂಲತಃ ಒಂದು ಮರಕ್ಕೆ ಸಲ್ಲುವ ಈ ಪದ ಒಂದು ಮನೆತನದ ಹೆಸರಾಯಿತು. ಮನೆತನದಿಂದ ಅರಸುವಂಶಕ್ಕೂ, ವಂಶದಿಂದ ಬಿರುದಾವಳಿಗೂ, ಅಲ್ಲಿಂದ ಪುರಾಣಕಥೆಗೂ ದಾಟಿತು. ಆಧುನಿಕ ಕಾಲದಲ್ಲಿ ಲಿಪಿ, ಶಿಖರ, ಉತ್ಸವ, ಸಾರಿಗೆ ಸಂಸ್ಥೆ ಮತ್ತು ನೌಕಾನೆಲೆಗಳಿಗೂ ಇದೇ ಹೆಸರು ಸಂದಿದೆ.

ಒಂದು ಹೆಸರು ಹದಿನಾರು ಶತಮಾನಗಳಿಗೂ ಮೀರಿ ಬಳಕೆಯಲ್ಲಿ ಉಳಿದಾಗ, ಅದನ್ನು ಹೊತ್ತವರೆಲ್ಲರೂ ಒಂದೇ ಪರಂಪರೆಯ ನೇರ ವಾರಸುದಾರರೆಂಬ ಭಾವನೆ ಸಹಜವಾಗಿಯೇ ಮೂಡುತ್ತದೆ. ಶಾಸನಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣಿಸುತ್ತದೆ. ಹೆಸರು ಒಂದೇ ಆಗಿದ್ದರೂ ಪ್ರತಿಯೊಂದು ಕಾಲವೂ ತನ್ನ ಅಗತ್ಯಕ್ಕೆ ತಕ್ಕ ಅರ್ಥವನ್ನು ಅದರಲ್ಲಿ ತುಂಬಿದೆ. ಈ ಅರ್ಥಭೇದಗಳನ್ನು ಬಿಡಿಸಿ ನೋಡದೆ ಕದಂಬರ ಚರಿತ್ರೆಯನ್ನು ಬರೆದಾಗ ಹನ್ನೆರಡನೆಯ ಶತಮಾನದ ಕಲ್ಪನೆಯು ನಾಲ್ಕನೆಯ ಶತಮಾನದ ಸಂಗತಿಯಾಗಿ ಮಾರ್ಪಡುವ ಅಪಾಯವಿದೆ.

ಮರ ಮತ್ತು ಪದ

ಕದಂಬವು ಕಾಫಿಯ ಕುಟುಂಬಕ್ಕೆ ಸೇರಿದ, ಎತ್ತರವಾಗಿ ಬೆಳೆಯುವ ಮರ. ಮಳೆಗಾಲದಲ್ಲಿ ಚೆಂಡಿನಾಕಾರದ ಹಳದಿ ಹೂಗೊಂಚಲುಗಳನ್ನು ತಳೆಯುವ ಈ ಮರವನ್ನು ಕನ್ನಡದಲ್ಲಿ ಕಡವಾಲವೆಂದೂ ಕರೆಯುತ್ತಾರೆ. ಸಂಸ್ಕೃತದಲ್ಲಿ 'ನೀಪ' ಎಂಬುದು ಇದರ ಇನ್ನೊಂದು ಹೆಸರು. ಸಸ್ಯಶಾಸ್ತ್ರಜ್ಞರು ನೀಡಿರುವ ನಿಯೋಲಮಾರ್ಕಿಯ ಕದಂಬ ಎಂಬ ಶಾಸ್ತ್ರೀಯ ನಾಮದಲ್ಲಿಯೂ ಭಾರತೀಯ ಪದವೇ ಉಳಿದುಕೊಂಡಿದೆ.

ದಕ್ಷಿಣ ಭಾರತದ ಧಾರ್ಮಿಕ ಜೀವನದಲ್ಲಿ ಈ ಮರಕ್ಕೆ ವಿಶೇಷ ಸ್ಥಾನವಿದೆ. ತಮಿಳು ನಾಡಿನಲ್ಲಿ ಮುರುಗನಿಗೆ ಕಡಂಬನೆಂಬ ಹೆಸರುಂಟು. ಮಧುರೆಯ ಸ್ಥಳಪುರಾಣವು ಆ ಊರನ್ನು ಕದಂಬವನವೆಂದು ವರ್ಣಿಸುತ್ತದೆ. ಸಂಘಕಾಲದ 'ಪದಿಟ್ರುಪ್ಪತ್ತು' ಎಂಬ ಸಂಕಲನದಲ್ಲಿ ಚೇರ ಅರಸನೊಬ್ಬನು ಕಡಲ ನಡುವಣ ಶತ್ರುಗಳ ಕಾವಲು ಮರವಾದ ಕಡಂಬನ್ನು ಕಡಿದುರುಳಿಸಿದ ಪ್ರಸ್ತಾಪವಿದೆ. ಅಂದರೆ ಮರವೊಂದನ್ನು ಕುಲದ ಗುರುತಾಗಿ, ರಕ್ಷಕಶಕ್ತಿಯಾಗಿ ಕಾಣುವ ಪದ್ಧತಿ ಈ ಭಾಗದಲ್ಲಿ ಬಹು ಹಿಂದಿನದು. ಆ ಕಡಂಬಿನ ಜನರನ್ನು ಬನವಾಸಿಯ ಕದಂಬರೊಂದಿಗೆ ಸಮೀಕರಿಸಲು ಕೆಲವು ವಿದ್ವಾಂಸರು ಯತ್ನಿಸಿದ್ದಾರೆ. ಆದರೆ ಹೆಸರಿನ ಸಾಮ್ಯವನ್ನು ಬಿಟ್ಟರೆ ಇವೆರಡನ್ನು ಜೋಡಿಸುವ ಸ್ವತಂತ್ರ ಆಧಾರಗಳು ದುರ್ಬಲವಾಗಿವೆ.

ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಸಂಸ್ಕೃತದಲ್ಲಿ 'ಕದಂಬ', 'ಕದಂಬಕ' ಎಂದರೆ ಸಮೂಹ, ಗುಂಪು. ಅನೇಕ ಲೇಖಕರ ಬರಹಗಳನ್ನು ಒಟ್ಟುಗೂಡಿಸಿದ ಗ್ರಂಥಕ್ಕೆ 'ಲೇಖನ ಕದಂಬ' ಎಂದು ಹೆಸರಿಡುವಾಗ ಕನ್ನಡಿಗರು ಬಳಸುವುದು ಈ ಅರ್ಥವನ್ನು. ಮರ, ಮನೆತನ, ಸಮೂಹ ಎಂಬ ಈ ಮೂರು ಅರ್ಥಗಳು ಒಂದೇ ಪದದಲ್ಲಿ ಅಡಕವಾಗಿರುವುದನ್ನು ಪ್ರಾಚೀನ ಶಾಸನಕವಿಗಳು ಚೆನ್ನಾಗಿ ಅರಿತಿದ್ದರು.

ತಾಳಗುಂದದ ವಿವರಣೆ

ಕದಂಬರಿಗೆ ಆ ಹೆಸರು ಬಂದ ಬಗೆಯನ್ನು ತಿಳಿಸುವ ಅತ್ಯಂತ ಪ್ರಾಚೀನ ಹಾಗೂ ಮುಖ್ಯ ದಾಖಲೆ ಶಿರಾಳಕೊಪ್ಪಕ್ಕೆ ಸಮೀಪದ ತಾಳಗುಂದದಲ್ಲಿದೆ. ಪ್ರಾಚೀನ ಶಾಸನಗಳಲ್ಲಿ ಸ್ಥಾನಕುಂದೂರು ಎನಿಸಿಕೊಂಡಿರುವ ಈ ಅಗ್ರಹಾರದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಪದ್ಯಕಾವ್ಯವನ್ನು ಕೆತ್ತಲಾಗಿದೆ. ಕಾಕುತ್ಸ್ಥವರ್ಮನು ಇಲ್ಲಿ ಕೆರೆಯೊಂದನ್ನು ಕಟ್ಟಿಸಿದುದನ್ನು ಹೇಳುವುದು ಇದರ ಉದ್ದೇಶ. ಆತನ ಮಗ ಶಾಂತಿವರ್ಮನ ಆಣತಿಯಂತೆ ಐದನೆಯ ಶತಮಾನದ ನಡುಭಾಗದಲ್ಲಿ ಇದು ರಚಿತವಾಯಿತು. 1894ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನವನ್ನು ಅನಂತರ ಎಫ್. ಕೀಲ್‌ಹಾರ್ನ್ ಅವರು ಶಾಸ್ತ್ರೀಯವಾಗಿ ಸಂಪಾದಿಸಿದರು.

ಈ ಶಾಸನದ ಪ್ರಕಾರ ಕದಂಬರು ಮಾನವ್ಯ ಗೋತ್ರದ, ಹಾರಿತೀಪುತ್ರರೆನಿಸಿದ ಬ್ರಾಹ್ಮಣ ಮನೆತನದವರು. ಅವರ ಮನೆಯ ಬಳಿಯಲ್ಲಿ ಕದಂಬ ವೃಕ್ಷವೊಂದು ಹುಲುಸಾಗಿ ಬೆಳೆದಿತ್ತು. ಅದನ್ನು ಅವರು ಅಕ್ಕರೆಯಿಂದ ಪೋಷಿಸಿದರು. ಆದ್ದರಿಂದ ಮರದ ಹೆಸರು ಮನೆತನಕ್ಕೆ ಸಂದಿತು. ಈ ಮನೆತನದ ಮಯೂರಶರ್ಮನು ತನ್ನ ಗುರು ವೀರಶರ್ಮನೊಂದಿಗೆ ವೇದಾಧ್ಯಯನಕ್ಕಾಗಿ ಕಾಂಚಿಯ ಘಟಿಕಾಸ್ಥಾನಕ್ಕೆ ಹೋದನು. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಉಂಟಾದ ಕಲಹದಿಂದ ಅವಮಾನಿತನಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದನು. ಶ್ರೀಪರ್ವತದವರೆಗಿನ ಕಾಡಿನಲ್ಲಿ ನೆಲೆಯೂರಿ, ಬೃಹದ್ಬಾಣರಿಂದ ಕಪ್ಪವನ್ನು ಪಡೆದನು. ಕೊನೆಗೆ ಪಲ್ಲವರೇ ಆತನ ಶೌರ್ಯವನ್ನು ಮೆಚ್ಚಿ ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನಾಡನ್ನು ಬಿಟ್ಟುಕೊಟ್ಟರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಹೆಸರಿನ ವಿವರಣೆಯಲ್ಲಿರುವ ಸರಳತೆ. ಅರಸನ ಆಸ್ಥಾನದಿಂದಲೇ ಹೊರಟ ಈ ಕಾವ್ಯ ದೈವಮೂಲದ ವಂಶೋತ್ಪತ್ತಿಯನ್ನು ಹೇಳಬಹುದಾಗಿತ್ತು. ಅದರ ಬದಲು ಹಿತ್ತಿಲ ಮರವೊಂದಕ್ಕೆ ನೀರೆರೆದು ಸಾಕಿದ ಗೃಹಸ್ಥರ ಮನೆಯನ್ನು ಅದು ಚಿತ್ರಿಸುತ್ತದೆ. ಮಯೂರಶರ್ಮನಿಗೆ ಷಡಾನನನೂ ಸಪ್ತಮಾತೃಕೆಯರೂ ಅಭಿಷೇಕ ಮಾಡಿದರೆಂಬ ಮಾತು ಮುಂದೆ ಬರುತ್ತದೆ. ಆದರೆ ಹೆಸರು ಮಾತ್ರ ದೇವತೆಗಳಿಂದ ಬಂದುದಲ್ಲ. ಎರಡನೆಯದು, ದೂರದ ನಾಡೊಂದರಿಂದ ವಲಸೆ ಬಂದವರೆಂಬ ಸೂಚನೆ ಈ ಶಾಸನದಲ್ಲಿ ಇಲ್ಲದಿರುವುದು. ಶರ್ಮಾಂತ ನಾಮವು ಮಯೂರನ ಮಗ ಕಂಗವರ್ಮನ ಕಾಲಕ್ಕೆ ವರ್ಮಾಂತವಾಯಿತು. ವೃತ್ತಿ ಬದಲಾಯಿತು, ಸ್ಥಾನ ಬದಲಾಯಿತು, ಕದಂಬ ಎಂಬ ಮನೆಯ ಹೆಸರು ಬದಲಾಗಲಿಲ್ಲ.

ಮರದ ಈ ಕಥೆಯ ಹಿಂದೆ ಸ್ಥಳೀಯ ಜನವರ್ಗವೊಂದರ ವೃಕ್ಷಾರಾಧನೆ ಅಡಗಿದೆಯೆಂದೂ, ಆಳುವ ಮನೆತನವಾದ ಮೇಲೆ ಅವರು ವೈದಿಕ ಗೋತ್ರವನ್ನು ಸ್ವೀಕರಿಸಿದರೆಂದೂ ಒಂದು ವಾದವಿದೆ. ಶಾಸನದ ಮಾತನ್ನು ಹಾಗೆಯೇ ಒಪ್ಪಿ ಅವರನ್ನು ಈ ನೆಲದ ವೈದಿಕ ಕುಟುಂಬದವರೆಂದು ತಿಳಿಯುವುದು ಇನ್ನೊಂದು ವಾದ. ಮಾನವ್ಯ ಗೋತ್ರ, ಹಾರಿತೀಪುತ್ರ ಎಂಬ ವಿಶೇಷಣಗಳು ಬನವಾಸಿಯನ್ನು ಇವರಿಗಿಂತ ಮೊದಲು ಆಳಿದ ಚುಟುಗಳಿಗೂ, ಇವರ ಬಳಿಕ ಬಂದ ಬಾದಾಮಿ ಚಾಲುಕ್ಯರಿಗೂ ಇವೆ. ಆದ್ದರಿಂದ ಇವುಗಳನ್ನು ಒಂದು ರಾಜ್ಯದಿಂದ ಮತ್ತೊಂದಕ್ಕೆ ಹರಿದುಬಂದ ಅಧಿಕಾರದ ಮುದ್ರೆಗಳೆಂದೂ ಭಾವಿಸಲು ಅವಕಾಶವಿದೆ. ವಾದಗಳೇನೇ ಇರಲಿ, 'ಕದಂಬ' ಎಂಬ ಹೆಸರು ಮಾತ್ರ ಎರವಲು ಪಡೆದುದಲ್ಲ, ಅದು ಇವರದೇ.

ಮೂರು ಭಾಷೆಗಳಲ್ಲಿ ಒಂದು ಹೆಸರು

ತಾಳಗುಂದದ ಕಂಬಕ್ಕಿಂತ ಹಿಂದೆಯೇ ಈ ಹೆಸರು ಶಾಸನಗಳಲ್ಲಿ ಕಾಣಿಸಿಕೊಂಡಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಪತ್ತೆಹಚ್ಚಿದ ಪ್ರಾಕೃತ ಬಂಡೆಶಾಸನವು ಕದಂಬರ ಮಯೂರಶರ್ಮನು ಕೆರೆಯನ್ನು ನಿರ್ಮಿಸಿದುದನ್ನು ಹೇಳುತ್ತದೆ. ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಂಬದ ಮೇಲೆ ಚುಟುಕುಲದ ಸಾತಕರ್ಣಿಯ ಪ್ರಾಕೃತ ದಾನಶಾಸನವಿದ್ದು, ಅದೇ ಕಂಬದಲ್ಲಿ ಕದಂಬ ಅರಸನ ಶಾಸನವೂ ಇದೆ. ಹಿಂದಿನ ಅರಸರು ಬಿಟ್ಟ ದತ್ತಿಯನ್ನು ಮುಂದಿನವರು ಎತ್ತಿಹಿಡಿದ ಕ್ರಮಕ್ಕೆ ಈ ಒಂದೇ ಕಂಬ ಸಾಕ್ಷಿ. ಹೊಸ ಅರಸರು ಹಳೆಯ ಅರಸರ ಕಂಬವನ್ನು ಕೆಡಹಲಿಲ್ಲ. ಅದರ ಮೇಲೆಯೇ ತಮ್ಮ ಹೆಸರನ್ನು ಬರೆಸಿದರು.

ಹೀಗೆ ನಾಲ್ಕನೆಯ ಶತಮಾನದಲ್ಲಿ ಪ್ರಾಕೃತದಲ್ಲಿ ಕಾಣಿಸಿಕೊಂಡ ಹೆಸರು ಐದನೆಯ ಶತಮಾನದ ಹೊತ್ತಿಗೆ ತಾಳಗುಂದದಲ್ಲಿ ಸಂಸ್ಕೃತ ಕಾವ್ಯದ ವಸ್ತುವಾಯಿತು. ಸುಮಾರು 450ರ, ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದಲ್ಲಿ ಅದು 'ಕದಂಬಪನ್' ಎಂಬ ರೂಪದಲ್ಲಿ ಕನ್ನಡ ವಾಕ್ಯದೊಳಗೆ ಬಂದು ಕುಳಿತಿದೆ. 'ಕದಂಬರ ಒಡೆಯ' ಎಂಬರ್ಥದ ಸಂಸ್ಕೃತ ಸಮಾಸಕ್ಕೆ ಕನ್ನಡದ ವಿಭಕ್ತಿ ಪ್ರತ್ಯಯವನ್ನು ಹಚ್ಚಿದ ಈ ರೂಪ ಆ ಕಾಲದ ಭಾಷಾಸ್ಥಿತಿಯನ್ನು ಒಂದೇ ಪದದಲ್ಲಿ ತೋರಿಸುತ್ತದೆ.

ತಾಳಗುಂದದಲ್ಲಿಯೇ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ 2013ರ ಉತ್ಖನನದ ವೇಳೆ ದೊರೆತ ಸಿಂಹಕಟಾಂಜನ ಶಾಸನವು ಈ ಚಿತ್ರಕ್ಕೆ ಹೊಸ ಅಂಶವನ್ನು ಸೇರಿಸಿದೆ. ಸಂಸ್ಕೃತ ಮತ್ತು ಕನ್ನಡ ಬೆರೆತಿರುವ ಈ ಶಾಸನದ ಕಾಲವನ್ನು ಸುಮಾರು 370 ಎಂದು ಗುರುತಿಸಲಾಗಿದ್ದು, ಇದು ಹಲ್ಮಿಡಿ ಶಾಸನಕ್ಕಿಂತ ಪ್ರಾಚೀನವೆಂದು ಪರಿಗಣಿತವಾಗಿದೆ. ಕದಂಬರ ಹೆಸರಿನ ಮೂಲವನ್ನು ಸಂಸ್ಕೃತದಲ್ಲಿ ಹೇಳಿದ ಊರಿನ ದೇವಾಲಯವೇ ಕನ್ನಡದ ಅತಿ ಪ್ರಾಚೀನ ಬರಹವನ್ನೂ ಕಾಪಾಡಿಕೊಂಡು ಬಂದಿದೆ. ಕದಂಬರನ್ನು ಕನ್ನಡದ ಮೊದಲ ಅರಸುಮನೆತನವೆಂದು ಕೊಂಡಾಡುವವರೂ, ಅವರ ಆಸ್ಥಾನದ ಕಾವ್ಯಭಾಷೆ ಸಂಸ್ಕೃತವಾಗಿತ್ತೆಂದು ನೆನಪಿಸುವವರೂ ಒಂದೇ ಆವರಣದಲ್ಲಿ ತಮಗೆ ಬೇಕಾದ ಸಾಕ್ಷ್ಯವನ್ನು ಕಾಣಬಲ್ಲರು. ಎರಡನ್ನೂ ಒಟ್ಟಿಗೆ ಓದುವುದೇ ಸರಿಯಾದ ಮಾರ್ಗ.

ಸೋತವರ ಹೆಸರು, ಗೆದ್ದವರ ಕಾವ್ಯ

ಆರನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರು ಪ್ರಬಲರಾದಂತೆ ಬನವಾಸಿಯ ಕದಂಬರ ಸ್ವತಂತ್ರ ಆಳ್ವಿಕೆ ಕೊನೆಗೊಂಡಿತು. ಕದಂಬರನ್ನು ಅಡಗಿಸಿದ ಕೀರ್ತಿಯನ್ನು ಚಾಲುಕ್ಯ ದಾಖಲೆಗಳು ಒಂದನೆಯ ಕೀರ್ತಿವರ್ಮನಿಗೆ ನೀಡುತ್ತವೆ. ರವಿಕೀರ್ತಿಯು 634ರಲ್ಲಿ ರಚಿಸಿದ ಐಹೊಳೆ ಶಾಸನದಲ್ಲಿ ಈ ವಿಜಯದ ವರ್ಣನೆ ಬಂದಿದೆ. ಅಲ್ಲಿ ಕವಿಯು ಕದಂಬ ಶಬ್ದವನ್ನು ಸಾಲಾಗಿ ಮೂರು ಸಲ ಪೋಣಿಸುತ್ತಾನೆ. ಮದಗಜದಂತಿದ್ದ ಕೀರ್ತಿವರ್ಮನು ಕದಂಬ ಕುಲವೆಂಬ ಕದಂಬ ವೃಕ್ಷಗಳ ಕದಂಬವನ್ನು, ಎಂದರೆ ತೋಪನ್ನು, ಮುರಿದು ಕೆಡಹಿದನೆಂಬುದು ಅದರ ತಾತ್ಪರ್ಯ. ಅರಸುವಂಶ, ಮರ, ಸಮೂಹ ಎಂಬ ಮೂರು ಅರ್ಥಗಳೂ ಇಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ.

ಇದು ಕೇವಲ ಶಬ್ದಚಮತ್ಕಾರವೆಂದು ಬಿಟ್ಟುಬಿಡುವಂಥದಲ್ಲ. ಮರವನ್ನು ಪೋಷಿಸಿ ಬೆಳೆಸಿದ ಕಾರಣಕ್ಕೆ ದೊರೆತ ಹೆಸರೆಂದು ತಾಳಗುಂದದ ಕವಿ ಹೇಳಿದ್ದನು. ಸುಮಾರು ಎರಡು ಶತಮಾನಗಳ ಬಳಿಕ ಐಹೊಳೆಯ ಕವಿ ಅದೇ ಮರದ ಪ್ರತಿಮೆಯನ್ನು ಎತ್ತಿಕೊಂಡು ಅದನ್ನು ಮುರಿದುದರ ಕೀರ್ತಿಯನ್ನು ಹಾಡಿದನು. ಹೆಸರಿನ ಹಿಂದೆ ಮರವಿದೆ ಎಂಬ ಅರಿವು ಏಳನೆಯ ಶತಮಾನದಲ್ಲಿಯೂ ಜೀವಂತವಾಗಿತ್ತೆಂಬುದು ಇದರಿಂದ ಖಚಿತವಾಗುತ್ತದೆ.

ಬಿರುದಾಗಿ ಮರಳಿದ ಹೆಸರು

ರಾಜ್ಯ ಹೋದರೂ ಹೆಸರು ಹೋಗಲಿಲ್ಲ. ಕಲ್ಯಾಣದ ಚಾಲುಕ್ಯರು ತಲೆಯೆತ್ತಿದ ಹತ್ತನೆಯ ಶತಮಾನದ ಕೊನೆಯ ವೇಳೆಗೆ ಕದಂಬ ನಾಮಧಾರಿಗಳಾದ ಹಲವು ಮಾಂಡಲಿಕ ಮನೆತನಗಳು ಬೇರೆ ಬೇರೆ ಪ್ರದೇಶಗಳಲ್ಲಿ ಕಾಣಿಸಿಕೊಂಡವು. ಪಾನುಂಗಲ್ ಎನಿಸಿದ್ದ ಹಾನಗಲ್ಲಿನಲ್ಲಿ ಒಂದು ಶಾಖೆ, ಗೋವೆಯಲ್ಲಿ ಇನ್ನೊಂದು ಶಾಖೆ ಪ್ರಬಲವಾದವು. ಬಂದಳಿಕೆಯನ್ನು ಕೇಂದ್ರವಾಗಿ ಹೊಂದಿದ್ದ ನಾಗರಖಂಡದಲ್ಲಿ, ಉಚ್ಚಂಗಿಯಲ್ಲಿ, ಇಂದಿನ ಕೇರಳದ ವಯನಾಡಾಗಿರುವ ಬಯಲ್ನಾಡಿನಲ್ಲಿ ಚಿಕ್ಕ ಶಾಖೆಗಳಿದ್ದವು. ಪೂರ್ವದಲ್ಲಿ ಕಳಿಂಗದ ಗಂಗರ ಕೈಕೆಳಗೂ ಕದಂಬರೆಂದು ಹೇಳಿಕೊಂಡ ಅಧಿಕಾರಿಗಳಿದ್ದರು.

ಈ ಶಾಖೆಗಳೆಲ್ಲ ಬನವಾಸಿಯ ಮೂಲ ಮನೆತನದ ನೇರ ಸಂತತಿಯೆಂದು ಸಾಬೀತುಪಡಿಸುವ ನಿರಂತರ ವಂಶಾವಳಿ ದೊರೆಯುವುದಿಲ್ಲ. ದೊರೆಯುವುದು ಬಿರುದುಗಳ ದೀರ್ಘ ಮಾಲೆ. ಬನವಾಸಿ ಪುರವರಾಧೀಶ್ವರ, ಜಯಂತೀ ಮಧುಕೇಶ್ವರನ ವರಪ್ರಸಾದವನ್ನು ಪಡೆದವನು, ಅಷ್ಟಾದಶಾಶ್ವಮೇಧ ದೀಕ್ಷಿತ, ವಾನರಧ್ವಜ, ಸಿಂಹಲಾಂಛನ, ಪೆರ್ಮಟ್ಟಿ ತೂರ್ಯದ ಘೋಷವುಳ್ಳವನು ಎಂಬಿವು ಅವುಗಳಲ್ಲಿ ಕೆಲವು. ಗೋವೆಯ ಅರಸನು ಬನವಾಸಿಯನ್ನು ಆಳುತ್ತಿರಲಿಲ್ಲವಾದರೂ ಅದರ ಒಡೆಯನೆಂಬ ಬಿರುದನ್ನು ಧರಿಸುತ್ತಿದ್ದನು. ಇಲ್ಲಿ ಬನವಾಸಿ ಎಂಬುದು ಭೂಗೋಳದ ಊರಲ್ಲ. ಕುಲದ ಹಿರಿಮೆಗೆ ಹಾಕಿದ ರುಜು. ಚಕ್ರವರ್ತಿಯ ಆಸ್ಥಾನದಲ್ಲಿ ಹಲವು ಮಾಂಡಲಿಕರ ನಡುವೆ ಸ್ಥಾನ, ವಿವಾಹ ಸಂಬಂಧ, ನಾಡಿನ ಹಕ್ಕು ಇವೆಲ್ಲವೂ ಕುಲಗೌರವವನ್ನು ಅವಲಂಬಿಸಿದ್ದ ಕಾಲದಲ್ಲಿ ಪ್ರಾಚೀನ ಹೆಸರೊಂದು ಬಹುದೊಡ್ಡ ಆಸ್ತಿಯಾಗಿತ್ತು. ಆರನೆಯ ವಿಕ್ರಮಾದಿತ್ಯನು ತನ್ನ ಮಗಳು ಮೈಲಳದೇವಿಯನ್ನು ಗೋವೆಯ ಎರಡನೆಯ ಜಯಕೇಶಿಗೆ ಕೊಟ್ಟು ವಿವಾಹ ಮಾಡಿದುದು ಈ ಗೌರವದ ಬೆಲೆಯನ್ನು ಸೂಚಿಸುತ್ತದೆ.

ಈ ಹೆಸರಿನ ಆಶ್ರಯದಲ್ಲಿ ನಡೆದ ಲೋಕೋಪಯೋಗಿ ಹಾಗೂ ಧಾರ್ಮಿಕ ಕಾರ್ಯಗಳು ಗಣನೀಯವಾಗಿವೆ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಹಾನಗಲ್ಲಿನ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿಯು ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಪಾರ್ಶ್ವನಾಥ ಬಸದಿಯನ್ನು ಮಾಡಿಸಿದಳು. ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನು ಇಟ್ಟವರು ಆ ಅಗ್ರಹಾರದ ಬ್ರಾಹ್ಮಣರು. ಬೆಳಗಾವಿ ಜಿಲ್ಲೆಯ ದೇಗಾಂವಿಯಲ್ಲಿರುವ ಕಮಲನಾರಾಯಣ ದೇವಾಲಯವು ಗೋವೆಯ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿಯ ಹೆಸರನ್ನು ಇಂದಿಗೂ ನೆನಪಿಸುತ್ತದೆ. ಬಿರುದು ಟೊಳ್ಳಾಗಿತ್ತೆಂದು ತಿಳಿಯುವಂತಿಲ್ಲ. ಹೆಸರನ್ನು ಪಡೆದವರು ಅದಕ್ಕೆ ತಕ್ಕ ನಡತೆಯನ್ನೂ ತೋರಬೇಕಾಗಿತ್ತು.

ಒಂದೇ ಊರಿನ ಎರಡು ಕಥೆಗಳು

ಹೆಸರು ಬಿರುದಾದಾಗ ಅದರ ಮೂಲಕಥೆಯೂ ಬದಲಾಯಿತು. ದೇಗಾಂವಿಯ ಶಾಸನವು ಹೇಳುವಂತೆ, ತ್ರಿಪುರ ಸಂಹಾರದ ಸಂದರ್ಭದಲ್ಲಿ ಶಿವನ ಹಣೆಯಿಂದ ಬೆವರಹನಿಯೊಂದು ಕದಂಬ ವೃಕ್ಷದ ಬುಡದಲ್ಲಿ ಬಿತ್ತು. ಅದರಿಂದ ಹಣೆಗಣ್ಣೂ ನಾಲ್ಕು ತೋಳುಗಳೂ ಉಳ್ಳ ಜಯಂತನೆಂಬ ಪುರುಷನು ಹುಟ್ಟಿದನು. ಈತನೇ ತ್ರಿಲೋಚನ ಕದಂಬ. ಕನ್ನಡ ಶಾಸನಗಳ ಮುಕ್ಕಣ್ಣ ಕದಂಬನು ಇದೇ ಕಲ್ಪನೆಯ ದೇಸಿ ರೂಪ. ಮರ ಇಲ್ಲಿಯೂ ಇದೆ. ಆದರೆ ಅದರ ಪಾತ್ರ ತಿರುಗುಮುರುಗಾಗಿದೆ. ತಾಳಗುಂದದ ಕಂಬದಲ್ಲಿ ಮನುಷ್ಯರು ಮರವನ್ನು ಸಾಕುತ್ತಾರೆ, ಇಲ್ಲಿ ದೇವರ ಹನಿಗೆ ಮರ ನೆರಳಾಗುತ್ತದೆ. ಆರೈಕೆಯಿಂದ ಗಳಿಸಿದ ಹೆಸರು ಹುಟ್ಟಿನಿಂದ ಬಂದ ಹೆಸರಾಗಿ ಪರಿವರ್ತನೆ ಹೊಂದಿದೆ.

ಇನ್ನೂ ಕುತೂಹಲಕಾರಿಯಾದ ಬದಲಾವಣೆ ತಾಳಗುಂದದಲ್ಲಿಯೇ ದಾಖಲಾಗಿದೆ. ಅಲ್ಲಿಯ ಮಧ್ಯಕಾಲೀನ ಕನ್ನಡ ಶಾಸನವೊಂದರ ಪ್ರಕಾರ, ಮುಕ್ಕಣ್ಣ ಕದಂಬನು ದಕ್ಷಿಣ ದೇಶದಲ್ಲಿ ಬ್ರಾಹ್ಮಣರನ್ನು ಹುಡುಕಿ ಕಾಣದೆ, ಉತ್ತರದ ಅಹಿಚ್ಛತ್ರಕ್ಕೆ ಹೋಗಿ ಅಲ್ಲಿಂದ ಬ್ರಾಹ್ಮಣರನ್ನು ಕರೆತಂದು ಸ್ಥಾನಕುಂದೂರಿನಲ್ಲಿ ನೆಲೆಗೊಳಿಸಿದನು. ಐದನೆಯ ಶತಮಾನದ ಕಂಬದಲ್ಲಿ ಕದಂಬರೇ ವೇದಾಧ್ಯಯನನಿರತರಾದ ಬ್ರಾಹ್ಮಣರು. ಸ್ಥಾನಕುಂದೂರಿನ ದೇವಾಲಯವಾದರೋ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ ಪುರಾತನ ಶಿವಸ್ಥಾನ. ಅದೇ ಊರಿನ ನಂತರದ ಶಾಸನದಲ್ಲಿ ಕದಂಬನು ಬ್ರಾಹ್ಮಣರಿಗಾಗಿ ಉತ್ತರಕ್ಕೆ ಹೋಗಬೇಕಾದ ಮುಕ್ಕಣ್ಣನ ಅವತಾರ. ಕೂಗಳತೆಯೊಳಗೆ ನಿಂತಿರುವ ಎರಡು ಕಲ್ಲುಗಳು ಒಂದೇ ಹೆಸರಿಗೆ ಪರಸ್ಪರ ಹೊಂದದ ಎರಡು ಚರಿತ್ರೆಗಳನ್ನು ಹೇಳುತ್ತವೆ.

ಇವುಗಳಲ್ಲಿ ಒಂದು ಸತ್ಯ, ಇನ್ನೊಂದು ಸುಳ್ಳು ಎಂದು ಸರಳವಾಗಿ ವಿಭಜಿಸಿದರೆ ಚರಿತ್ರೆಯ ಅರ್ಧವೇ ಕೈಗೆ ಸಿಗುತ್ತದೆ. ಮೊದಲನೆಯದು ಅರಸುಮನೆತನವು ತನ್ನ ಬಗ್ಗೆ ಹೇಳಿಕೊಂಡ ಮಾತು. ಎರಡನೆಯದು ಶ್ರೀಮಂತ ಅಗ್ರಹಾರವೊಂದು ತನ್ನ ಭೂಮಿಗೂ ಪ್ರತಿಷ್ಠೆಗೂ ಪ್ರಾಚೀನತೆಯ ಬೆಂಬಲವನ್ನು ಅರಸಿ ಕಟ್ಟಿಕೊಂಡ ಮಾತು. ಮೊದಲನೆಯದರಲ್ಲಿ ಕದಂಬ ಎಂಬುದು ಮನೆಯ ಹೆಸರು, ಎರಡನೆಯದರಲ್ಲಿ ದತ್ತಿಯ ಹಕ್ಕುಪತ್ರ. ಈ ಎರಡನೆಯ ಮಾದರಿ ಮುಂದೆ ದೂರದವರೆಗೆ ಹಬ್ಬಿತು. ತುಳುನಾಡಿನ 'ಗ್ರಾಮಪದ್ಧತಿ'ಯಲ್ಲಿ ಮಯೂರವರ್ಮನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ತಂದು ಮೂವತ್ತೆರಡು ಗ್ರಾಮಗಳಲ್ಲಿ ನೆಲೆಗೊಳಿಸಿದ ಕಥೆ ಬರುತ್ತದೆ. ಹವ್ಯಕರ ಪರಂಪರೆಯಲ್ಲಿಯೂ ಇಂತಹುದೇ ನೆನಪಿದೆ. ಕಾಂಚಿಯಲ್ಲಿ ಕತ್ತಿ ಹಿಡಿದ ಮಯೂರಶರ್ಮನಿಗೂ ಗ್ರಾಮಗಳನ್ನು ಹಂಚಿದ ಮಯೂರವರ್ಮನಿಗೂ ಹೆಸರಿನ ಹೊರತು ಸಮಾನವಾದುದು ಸ್ವಲ್ಪವೇ. ನಂತರದ ಶಾಸನಗಳು ಆತನಿಗೆ ಆರೋಪಿಸುವ ಹದಿನೆಂಟು ಅಶ್ವಮೇಧಗಳ ಮಾತೂ ತಾಳಗುಂದದ ಕಂಬದಲ್ಲಿ ಇಲ್ಲ. ಇಂತಹ ಕಥೆಗಳನ್ನು ನಾಲ್ಕನೆಯ ಶತಮಾನದ ವಲಸೆಗೆ ನೇರ ಪ್ರಮಾಣವಾಗಿ ಬಳಸುವುದು ಯುಕ್ತವಲ್ಲ. ಅವು ರಚಿತವಾದ ಕಾಲದ ಭೂಹಿಡುವಳಿ ಮತ್ತು ಸಮಾಜವ್ಯವಸ್ಥೆಗೆ ಮಾತ್ರ ಅತ್ಯುತ್ತಮ ಪ್ರಮಾಣಗಳಾಗಿವೆ.

ರಾಜಕೀಯ ಹೆಸರಾಗಿ ಕದಂಬದ ಕೊನೆಯ ಉಲ್ಲೇಖಗಳಲ್ಲಿ ಒಂದು ಸೊರಬ ಸೀಮೆಗೇ ಸೇರಿದೆ. ವಿಜಯನಗರದ ಹರಿಹರನ ತಮ್ಮ ಮಾರಪ್ಪನು ಕದಂಬ ಅರಸನನ್ನು ಯುದ್ಧದಲ್ಲಿ ಸೋಲಿಸಿದುದನ್ನು ಇಲ್ಲಿಯ 1347ರ ಶಾಸನವು ತಿಳಿಸುತ್ತದೆ. ಅಲ್ಲಿಂದ ಮುಂದೆ ಈ ಹೆಸರು ರಾಜ್ಯಾಧಿಕಾರದಿಂದ ದೂರ ಸರಿದು ಸ್ಥಳಪುರಾಣ ಮತ್ತು ಕೈಫಿಯತ್ತುಗಳಲ್ಲಿ ನೆಲೆ ಕಂಡಿತು.

ವಿದ್ವಾಂಸರ ಕದಂಬ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೆ.ಎಫ್. ಫ್ಲೀಟ್ ಅವರು ಕದಂಬರ ತಾಮ್ರಪಟಗಳನ್ನು ಪ್ರಕಟಿಸಿದರು. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಹೊರತಂದರು. ಹೀಗೆ ಮುಕ್ಕಣ್ಣನ ಹಿಂದೆ ಮರೆಯಾಗಿದ್ದ ಮಯೂರಶರ್ಮನು ಮರಳಿ ಕಾಣಿಸಿಕೊಂಡನು. ಜಾರ್ಜ್ ಮೊರಾಯಿಸ್ ಅವರ 'ದಿ ಕದಂಬ ಕುಲ' (1931) ಎಲ್ಲ ಶಾಖೆಗಳ ಚರಿತ್ರೆಯನ್ನು ಒಂದೆಡೆ ತಂದಿತು. ಒಂದೇ ಶೀರ್ಷಿಕೆಯಡಿ ಎಲ್ಲ ಶಾಖೆಗಳನ್ನೂ ನಿರೂಪಿಸಿದುದರಿಂದ ಅವೆಲ್ಲ ಒಂದೇ ಕುಟುಂಬದ ಕವಲುಗಳೆಂಬ ಭಾವನೆ ಸಾಮಾನ್ಯ ಓದುಗರಲ್ಲಿ ಬಲಗೊಂಡಿತು.

ಪರಿಭಾಷೆಯಾಗಿಯೂ ಈ ಹೆಸರು ಬಳಕೆಗೆ ಬಂತು. ಕನ್ನಡ ಮತ್ತು ತೆಲುಗು ಲಿಪಿಗಳ ಪೂರ್ವರೂಪವೊಂದನ್ನು 'ಕದಂಬ ಲಿಪಿ' ಎನ್ನಲಾಗುತ್ತದೆ; ಕದಂಬರ ನಾಡಿನ ಹೊರಗಿನ ದಾಖಲೆಗಳಲ್ಲಿ ಅದನ್ನು ಹೋಲುವ ಅಕ್ಷರಗಳು ಕಂಡುಬಂದಾಗಲೂ ಇದೇ ಹೆಸರು ಬಳಕೆಯಾಗುವುದುಂಟು. ಅಲಂಕರಣ ಕಡಿಮೆಯಿದ್ದು ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ದೇವಾಲಯ ಶಿಖರಕ್ಕೆ 'ಕದಂಬ ಶಿಖರ' ಎಂಬ ಹೆಸರಿದೆ. ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಹೊಯ್ಸಳರ ಕಾಲದ್ದು. ಆದರೂ ಅದರ ಶಿಖರಗಳನ್ನು ವರ್ಣಿಸುವಾಗ ಕದಂಬ ಶೈಲಿಯೆಂಬ ಮಾತು ಬರುತ್ತದೆ. ಇಲ್ಲಿ ಕದಂಬ ಎಂಬುದು ಆಕಾರದ ಹೆಸರೇ ಹೊರತು ಕಟ್ಟಿಸಿದವರ ಹೆಸರಲ್ಲ. ಹಾಗೆಯೇ ಮರಾಠಿ ನಾಡಿನ 'ಕದಂ' ಎಂಬ ಅಡ್ಡಹೆಸರನ್ನು ಕದಂಬರೊಂದಿಗೆ ಜೋಡಿಸುವ ರೂಢಿಯೂ ಇದೆ. ಧ್ವನಿಸಾಮ್ಯವು ವಿಚಾರಣೆಗೆ ದಾರಿ ತೋರಬಹುದು, ತಾನೇ ತೀರ್ಪಾಗಲಾರದು.

ಆಧುನಿಕ ಕಾಲದಲ್ಲಿ

ಸ್ವಾತಂತ್ರ್ಯೋತ್ತರ ಕಾಲದಲ್ಲಿ ಈ ಹೆಸರು ಸರ್ಕಾರಗಳ ಕೈಗೆ ಬಂತು. 1510ರಿಂದ 1961ರವರೆಗೆ ಪೋರ್ಚುಗೀಸರ ಅಧೀನದಲ್ಲಿದ್ದ ಗೋವೆಯಲ್ಲಿ 1980ರಲ್ಲಿ ಸಾರ್ವಜನಿಕ ಬಸ್ ಸಂಸ್ಥೆ ಸ್ಥಾಪನೆಯಾದಾ��� ಅದಕ್ಕೆ 'ಕದಂಬ ಸಾರಿಗೆ ನಿಗಮ' ಎಂದು ಹೆಸರಿಸಲಾಯಿತು. ಪರಕೀಯ ಆಳ್ವಿಕೆಗೆ ಹಿಂದಿನ ಅರಸುಮನೆತನದ ಈ ಹೆಸರು ಅಲ್ಲಿ ದಿನನಿತ್ಯದ ಮಾತಾಗಿದೆ; ಗೋವೆಯ ಪ್ರಯಾಣಿಕರು ಬಸ್ಸನ್ನೇ ಕದಂಬ ಎನ್ನುತ್ತಾರೆ. ಕಾರವಾರದ ಬಳಿ ಸೀಬರ್ಡ್ ಯೋಜನೆಯಡಿ ನಿರ್ಮಾಣಗೊಂಡು 2005ರ ಮೇ 31ರಂದು ಕಾರ್ಯಾರಂಭ ಮಾಡಿದ ನೌಕಾನೆಲೆಗೆ 'ಐ.ಎನ್.ಎಸ್. ಕದಂಬ' ಎಂಬ ಹೆಸರಿದೆ. ಪಶ್ಚಿಮ ಸಮುದ್ರವನ್ನು ರಾಜ್ಯದ ಎಲ್ಲೆಯಾಗಿ ಹೇಳಿದ ತಾಳಗುಂದದ ಶಾಸನವನ್ನೂ, ಗೋಪಕಪಟ್ಟಣದಂತಹ ಬಂದರನ್ನು ಆಳಿದ ಗೋವೆಯ ಕದಂಬರನ್ನೂ ನೆನೆದರೆ ಈ ಆಯ್ಕೆ ಔಚಿತ್ಯಪೂರ್ಣವಾಗಿದೆ.

ಕರ್ನಾಟಕದಲ್ಲಿ ಈ ಹೆಸರು ನಾಡಿನ ಅಭಿಮಾನದ ಸಂಕೇತವಾಗಿ ಬೆಳೆದಿದೆ. ದೇವುಡು ಅವರ 'ಮಯೂರ' ಕಾದಂಬರಿಯನ್ನು ಆಧರಿಸಿ 1975ರಲ್ಲಿ ತೆರೆಕಂಡ, ರಾಜ್‌ಕುಮಾರ್ ಅಭಿನಯದ ಚಲನಚಿತ್ರವು ಕಾಂಚಿಯ ಘಟನೆಯನ್ನು ಮನೆಮನೆಗೆ ಮುಟ್ಟಿಸಿತು. ಬನವಾಸಿಯಲ್ಲಿ ರಾಜ್ಯ ಸರ್ಕಾರವು ಕದಂಬೋತ್ಸವವನ್ನು ನಡೆಸುತ್ತ ಬಂದಿದ್ದು, 1987ರಲ್ಲಿ ಸ್ಥಾಪಿತವಾದ ಪಂಪ ಪ್ರಶಸ್ತಿಯನ್ನು ಆ ವೇದಿಕೆಯಲ್ಲಿ ಪ್ರದಾನ ಮಾಡುವ ಸಂಪ್ರದಾಯ ಬೆಳೆದಿದೆ. ಬನವಾಸಿಯನ್ನು ಹಾಡಿಹೊಗಳಿದ ಪಂಪನ ಆಶ್ರಯದಾತ ಕದಂಬನಲ್ಲ, ವೇಮುಲವಾಡದ ಚಾಲುಕ್ಯ ಅರಿಕೇಸರಿ. ಒಂದು ಕಾಲಕ್ಕೆ ಕದಂಬರನ್ನು ಗೆದ್ದವರ ಕುಲನಾಮವೂ ಚಾಲುಕ್ಯವೇ. ಸೋತವರ ಹೆಸರಿನ ಉತ್ಸವದಲ್ಲಿ ಗೆದ್ದವರ ಕುಲನಾಮಧಾರಿಯ ಕವಿಗೆ ಮನ್ನಣೆ ದೊರೆಯುವುದು ಕನ್ನಡ ನಾಡಿನ ನೆನಪು ವೈಷಮ್ಯಗಳನ್ನು ಬಿಟ್ಟು ಊರನ್ನೂ ನುಡಿಯನ್ನೂ ಉಳಿಸಿಕೊಂಡ ಬಗೆಗೆ ನಿದರ್ಶನ.

ಸಮಾರೋಪ

ಕದಂಬ ಎಂಬ ಹೆಸರಿನ ಈ ಚಲನೆಯಲ್ಲಿ ನಾಲ್ಕು ಘಟ್ಟಗಳು ಸ್ಪಷ್ಟವಾಗುತ್ತವೆ. ಮೊದಲ ಘಟ್ಟದಲ್ಲಿ ಅದು ಒಂದು ಮನೆಯ ಗುರುತು. ಎರಡನೆಯದರಲ್ಲಿ ಮಾಂಡಲಿಕರ ಕುಲಗೌರವ. ಮೂರನೆಯದರಲ್ಲಿ ಅಗ್ರಹಾರ ಮತ್ತು ಗ್ರಾಮಗಳ ಮೂಲಪುರಾಣ. ನಾಲ್ಕನೆಯದರಲ್ಲಿ ವಿದ್ವಾಂಸರ ಪರಿಭಾಷೆ ಹಾಗೂ ಆಧುನಿಕ ರಾಜ್ಯಗಳ ಸಂಕೇತ. ಪ್ರತಿ ಘಟ್ಟವೂ ಹಿಂದಿನದನ್ನು ಅಳಿಸಿಹಾಕದೆ ಅದರ ಮೇಲೆ ತನ್ನ ಪದರವನ್ನು ಹೊದಿಸಿದೆ. ಮಳವಳ್ಳಿಯ ಒಂದೇ ಕಂಬದ ಮೇಲೆ ಎರಡು ಮನೆತನಗಳ ಶಾಸನಗಳು ಇರುವಂತೆಯೇ ಈ ಒಂದು ಹೆಸರಿನ ಮೇಲೆ ಹಲವು ಕಾಲಗಳ ಬರಹವಿದೆ.

ಇಂದು ಜಾತಿ, ವಂಶ, ಪ್ರದೇಶಗಳ ಹಿರಿಮೆಯನ್ನು ಸ್ಥಾಪಿಸಲು ಪ್ರಾಚೀನ ಹೆಸರುಗಳನ್ನು ಸಾಕ್ಷಿಗೆ ಕರೆಯುವ ಪ್ರವೃತ್ತಿ ಎಲ್ಲೆಡೆಯೂ ಕಂಡುಬರುತ್ತದೆ. ಇಂತಹ ಸಂದರ್ಭದಲ್ಲಿ ಆ ಹೆಸರು ಯಾವ ಕಾಲದ್ದು, ಯಾರು ಬಳಸಿದ್ದು, ಏತಕ್ಕಾಗಿ ಬಳಸಿದ್ದು ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಮೊದಲ ಕರ್ತವ್ಯ. ಆ ಪ್ರಶ್ನೆಗಳಿಗೆ ಕದಂಬದ ಮಟ್ಟಿಗೆ ಉತ್ತರ ಒದಗಿಸುವ ಆಕರಗಳಲ್ಲಿ ಬಹುಪಾಲು ಶಿರಾಳಕೊಪ್ಪದ ಸುತ್ತಣ ಊರುಗಳಲ್ಲಿವೆ ಎಂಬುದು ಈ ಪ್ರದೇಶದ ವಿಶೇಷ. ತಾಳಗುಂದದ ಎರಡು ಕಲ್ಲುಗಳಲ್ಲಿ ಒಂದನ್ನು ಮಾತ್ರ ಓದಿದವರಿಗೆ ಕದಂಬರು ದೊರೆಯುವುದಿಲ್ಲ. ಎರಡನ್ನೂ ಅವುಗಳ ಕಾಲದೊಡನೆ ಓದಿದವರಿಗೆ, ಮರವೊಂದನ್ನು ಸಾಕಿದವರ ಮನೆಯ ಹೆಸರು ನಾಡಿನ ಹೆಸರಾಗಿ ಬೆಳೆದ ಕ್ರಮ ತಾನಾಗಿಯೇ ತಿಳಿಯುತ್ತದೆ.